ಬಾರ್ಕೂರಿಗೆ ಕಡಲು ಬಂದ ದಿನ

ಮಗಳು ಮೊಬೈಲ್ ಚಾಚಿ, "ಅಮ್ಮ, ಈ ವೆಬ್‌ಸೈಟಂಗೆ ಸೀರೆ ಅರ್ಧ ರೇಟಿಗಿತ್ತ್. ತಕಂಬುದಾ?" ಎಂದಳು. ಪರದೆಯ ಮೇಲೆ ಎಲ್ಲವೂ ಮಿರಿಮಿರಿ ಮಿಂಚುತ್ತಿತ್ತು.

ನಾನು ಚಿಕ್ಕವಳಿದ್ದಾಗ ಬೈಂದೂರಿನ ನಮ್ಮ ಮನೆಗೆ ಹೀಗೇ ಮಿಂಚುವ ಸೀಸೆಗಳ ಚೀಲ ಹೊತ್ತು, ಗಂಟುನೋವಿನ ಎಣ್ಣೆ ಮಾರುವವನೊಬ್ಬ ಬಂದಿದ್ದ. ಹೊಸಬರು ಯಾರೇ ಬರಲಿ, ಅಜ್ಜಿ ಮೊದಲು ಊರು ಕೇಳುತ್ತಿದ್ದಳು.

"ಹ್ವಾಯ್, ಎಲ್ಲಾಯ್ತ್ ನಿಮ್ಗೆ?"

"ಬಾರ್ಕೂರು."

"ಬಾರ್ಕೂರಂಗೆ ಎಲ್ಲಿ?"

"ಸಮುದ್ರದ ಪಕ್ಕದಲ್ಲೇ, ಅಮ್ಮ."

ಅಜ್ಜಿ ಸೆರಗಿನಲ್ಲಿ ನಗು ಅದುಮಿಕೊಂಡಳು. "ಬಾರ್ಕೂರಿಗೆ ಹೊಳಿ ಇಪ್ದ್. ಕಡಲ್ ಯಾವಾಗ್ ಬಂತ್?"

ಅವನ ಮುಖ ಬಾಡಿತು. ಅಜ್ಜಿ ಎಣ್ಣೆ ಕೊಳ್ಳಲಿಲ್ಲ. ಆದರೆ ಒಳಗಿನಿಂದ ಬೆಲ್ಲದ ಚೂರು, ತಂಬಿಗೆ ತುಂಬ ನೀರು ತಂದುಕೊಟ್ಟಳು. ಅವನು ಗಟಗಟ ಕುಡಿದು, ತಲೆ ಎತ್ತದೆ ಹೋದ.

"ಸುಳ್ಳ್ ಹೇಳ್ದವ್ನಿಗ್ ಎಂತಕ್ ಬೆಲ್ಲ?" ಎಂದು ನಾನು ಸಿಡುಕಿದೆ.

"ಊರ್ ಸುಳ್ಳ್ ಮಗಾ. ಬಾಯಾರ್ಕಿ ಸುಳ್ಳಲ್ಲ."

ನಾನು ಇಷ್ಟನ್ನು ಹೇಳಿದ ಮೇಲೆ ಮಗಳು ಆ ಪುಟವನ್ನು ತಳದವರೆಗೂ ಸರಿಸಿ ಹುಡುಕಿದಳು. ಆಮೇಲೆ ನಕ್ಕಳು.

"ಅಮ್ಮ, ತನ್ಗೆ ಎಲ್ಲಾಯ್ತ್ ಅಂದ್ ಈ ವೆಬ್‌ಸೈಟ್ ಎಲ್ಲೂ ಹೇಳ್ಲಿಲ್ಲ. ನಮ್ಮನಿ ಎಲ್ಲಿ ಅಂದ್ ಮಾತ್ರ ಕೇಣ್ತಾ ಇತ್ತ್."