ಮಾವ ಕಟ್ಟಿದ ಎರಡನೆಯ ಪಟ್ಟಿ

ಮೊನ್ನೆ ಹಲ್ಲಿನ ಡಾಕ್ಟರ ಬಳಿ ಸರದಿಗೆ ಕಾಯುತ್ತಿದ್ದಾಗ ಒಳಗಿನಿಂದ ಅಕ್ರಿಲಿಕ್ ಕಲಸುವ ಘಾಟು ಬಂತು. ಮಧುಗಿರಿಯ ನಮ್ಮ ಪಕ್ಕದ ಮನೆಯ ಮಾವನ ಅಂಗಿಯಲ್ಲಿ ಸದಾ ಇದೇ ವಾಸನೆ... ಹಲ್ಲಿನ ಸೆಟ್ ಕಟ್ಟುವುದು ಅವರ ಕಸುಬು. ನೆಂಟರಲ್ಲ, ಹಾಗೆ ಕರೆದು ರೂಢಿ.

ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ಹತ್ತಿರದ ಪುರವರದ ಶಾಲೆಯಲ್ಲಿ ಟೀಚರಾಗಿದ್ದೆ. ನನ್ನ ಕೆಳದವಡೆ ಮುಂದಕ್ಕೆ ಚಾಚಿ ಎಡಕ್ಕೆ ವಾಲಿತ್ತು. ರೊಟ್ಟಿ ಕಚ್ಚಿದರೆ ತುಂಡಾಗುತ್ತಿರಲಿಲ್ಲ. ಬೆಂಗಳೂರಿನ ಸರ್ಜನ್ ಒಬ್ಬರು ಮೂಳೆ ಕೊಯ್ದು ಹಿಂದೆ ಸರಿಸಿ ಕೂರಿಸುತ್ತೇನೆ ಎಂದರು. ಎಲ್ಲಿಗೆ ಕೂರಿಸಬೇಕೆಂದು ತೋರಿಸಲು ಮೇಲಿನ, ಕೆಳಗಿನ ಹಲ್ಲುಗಳ ನಡುವೆ ಒಂದು ಅಕ್ರಿಲಿಕ್ ಪಟ್ಟಿ ಬೇಕು. ನನ್ನ ಹಲ್ಲಿನ ಪ್ಲಾಸ್ಟರ್ ಅಚ್ಚನ್ನು ಮೊದಲು ಕೊಯ್ದು, ಸರಿಸಿ, ಅದರ ಅಳತೆಗೆ ಪಟ್ಟಿ ಕಟ್ಟಬೇಕು. ಮಾವ ಹಿಂದೆ ಆ ಸರ್ಜನ್ ಬಳಿಯೇ ಕೆಲಸ ಮಾಡಿದ್ದವರು. ಅವರೇ ಮಾಡಲಿ ಎಂದು ಸರ್ಜನ್ ಅಚ್ಚಿನ ಮೇಲೆ ಕೊಯ್ಯಬೇಕಾದ ಕಡೆ ಪೆನ್ಸಿಲ್ ಗೆರೆ ಹಾಕಿ ನನ್ನ ಕೈಯಲ್ಲೇ ಕಳಿಸಿದರು.

ಮಾವ ಅದನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ನೋಡಿದರು. ಕಣ್ಣೆದುರೇ ಇದ್ದ ಗರಗಸವನ್ನು ತಡಕಾಡಿ ಹುಡುಕಿದರು. ನನಗೆ ಅಳುಕಾಯಿತು. ಕೇಳಬೇಕೆನಿಸಿತು... ಹಿರಿಯರು, ಏನೆಂದುಕೊಂಡಾರೋ ಎಂದು ಸುಮ್ಮನಾದೆ. ಪಟ್ಟಿ ಬಂದಾಗ ಕಚ್ಚಿ ನೋಡುವಂತೆಯೂ ಇರಲಿಲ್ಲ. ದವಡೆ ಕೊಯ್ದ ಮೇಲೆಯೇ ಅದು ಕೂರುವುದು.

ಆಪರೇಷನ್ ದಿನ ಬೆಳಿಗ್ಗೆ ನನ್ನನ್ನು ಸ್ಟ್ರೆಚರ್ ಮೇಲೆ ಮಲಗಿಸಿದ್ದರು. ಅಷ್ಟರಲ್ಲಿ ಹೆಂಡತಿಯ, ಅಂದರೆ ನಾನು ಅತ್ತೆ ಎನ್ನುತ್ತಿದ್ದವರ, ಕೈ ಹಿಡಿದುಕೊಂಡು ಮಾವ ಬಂದರು. ಅಂಗಿಯ ಗುಂಡಿ ಮೇಲೆ ಕೆಳಗಾಗಿತ್ತು. ಮನೆಯಲ್ಲಿ ಉಳಿದಿದ್ದ ಅಚ್ಚು ಒರೆಸುವಾಗ ಅತ್ತೆ, ಗೆರೆ ಒಂದು ಕಡೆ ಇದೆ, ಕೊಯ್ದದ್ದು ಇನ್ನೊಂದು ಕಡೆ ಇದೆಯಲ್ಲ ಎಂದು ಕೇಳಿದ್ದರಂತೆ.

"ಆ ಪಟ್ಟಿ ಇಕ್ಬ್ಯಾಡಿ ಸಾರ್. ಗೆರೆ ತಪ್ಪಿ ಕೊಯ್ದ್ಬುಟ್ಟಿವ್ನಿ," ಎಂದರು ಮಾವ ಸರ್ಜನ್‌ಗೆ. "ಕಣ್ಣು ಸರ್ಯಾಗಿ ಕಾಣ್ತಿಲ್ಲ. ಒಂದು ವರ್ಸ ಆಯ್ತು, ಯಾರ್ಗೂ ಏಳಿಲ್ಲ."

ಸರ್ಜನ್ ಆ ಪಟ್ಟಿಯನ್ನು ಪಕ್ಕಕ್ಕಿಟ್ಟರು. ಅಂದಿನ ಆಪರೇಷನ್ ನಿಂತಿತು. ತಮ್ಮ ಬಳಿ ಇದ್ದ ಇನ್ನೊಂದು ಅಚ್ಚಿಗೆ ಗೆರೆ ಹಾಕಿ, ಬೇರೆಯವರಿಗೆ ಕೊಡದೆ ಮಾವನ ಮುಂದೆಯೇ ಇಟ್ಟರು. ಅತ್ತೆ ಗೆರೆ ತೋರಿಸುತ್ತ ಹೋದರು, ಮಾವ ಕೊಯ್ದರು. ಹೊಸ ಪಟ್ಟಿಯನ್ನು ಸರ್ಜನ್ ಅಳೆದು ನೋಡಿ ಸರಿಯಿದೆ ಎಂದು ತಲೆಯಾಡಿಸಿದರು. ಆದರೂ ಆಪರೇಷನ್ ಆಗುವವರೆಗೆ ನಾನು ಕನ್ನಡಿ ನೋಡಲಿಲ್ಲ. ಈ ಮುಖ ನೋಡುವುದು ಇದೇ ಕೊನೆಯ ಸಲವೇನೋ ಎನ್ನುವ ಭಯ.

ದವಡೆ ನೇರವಾಯಿತು. ಆದರೆ ಕೆಳತುಟಿ, ಗಲ್ಲ ಮರಗಟ್ಟಿಹೋದವು. ಹಾಗಾಗಬಹುದೆಂದು ಸರ್ಜನ್ ಮೊದಲೇ ಹೇಳಿದ್ದರು, ಪಟ್ಟಿಯ ತಪ್ಪಲ್ಲ. ಊರಿಗೆ ಬಂದು ನೋಡಿದರೆ ಮಾವ ಕೆಲಸದ ಮೇಜನ್ನೇ ತೆಗೆಸಿಬಿಟ್ಟಿದ್ದರು. ನನ್ನ ದನಿ ಕೇಳಿ ಕೈ ಚಾಚಿ ಗಲ್ಲ ಸವರಿದರು.

"ನೆಟ್ಟಗೈತೆ ಕಣಮ್ಮ. ನೋವಾಯ್ತದಾ?"

"ಇಲ್ಲ ಮಾವ," ಎಂದೆ. ಅವರ ಬೆರಳು ಆಡುವುದು ಕಾಣುತ್ತಿತ್ತು, ತಿಳಿಯುತ್ತಿರಲಿಲ್ಲ.

ಮಾವ ಹೋಗಿ ಬಹಳ ವರ್ಷವಾಯಿತು, ಅತ್ತೆಯೂ ಇಲ್ಲ. ಮೊನ್ನೆ ಡಾಕ್ಟರು ಗಲ್ಲ ಒತ್ತಿ, ಇಲ್ಲಿ ಸ್ಪರ್ಶ ತಿಳಿಯುತ್ತದೆಯೇ ಎಂದು ಕೇಳಿದರು. ಇಲ್ಲವೆಂದು ಅವರಿಗೆ ಸಲೀಸಾಗಿ ಹೇಳಿದೆ. ಮಾವನಿಗೆ ಮಾತ್ರ ಹೇಳಲೇ ಇಲ್ಲ.