ಬಂದೂಕು ಮುರಿದು ದಾಟುವುದು

ಮೊನ್ನೆ ಶಿಗ್ಗಾಂವಿಯಲ್ಲಿ ನನ್ನ ತಮ್ಮ, ಚುನಾವಣೆಗೆ ಮುಂಚೆ ಠಾಣೆಗೆ ಒಪ್ಪಿಸಲೆಂದು, ಅಜ್ಜನ ಜೋಡುನಳಿಗೆಯ ಬಂದೂಕನ್ನು ಅಟ್ಟದಿಂದ ಇಳಿಸಿದ. ಸುತ್ತಿದ ಅರಿವೆ ಬಿಚ್ಚಿದ್ದೇ ತಡ, ಹಳೆಯ ಎಣ್ಣೆಯೂ ಸುಟ್ಟ ಮದ್ದೂ ಬೆರೆತ ವಾಸನೆ ಮೂಗಿಗೆ ಬಡಿದು, ನಾನು ಸವಣೂರಿನ ಮನೆಯ ಪಡಸಾಲೆಯಲ್ಲಿ ಕುಳಿತ ಹತ್ತು ವರ್ಷದ ಹುಡುಗಿಯಾಗಿಬಿಟ್ಟೆ. ಆ ಮನೆ ಈಗಿಲ್ಲ. ಪಡಸಾಲೆ ಇದ್ದಲ್ಲಿ ಯಾರೋ ಖಾರದ ತಿಂಡಿಯ ಅಂಗಡಿ ಇಟ್ಟಿದ್ದಾರೆ. ಖಾರ ಚೆನ್ನಾಗಿಯೇ ಇರುತ್ತದೆ, ನನಗೆ ಅದೇ ಸಿಟ್ಟು. ನಿಮ್ಮೂರಲ್ಲೂ ಇಂಥದೊಂದು ಮನೆ ಹೋಗಿದ್ದರೆ ಈ ಸಿಟ್ಟು ನಿಮಗೆ ತಿಳಿದೀತು.

ಆಗ ಹಕ್ಕಿ ಬೇಟೆಗೆ ಇನ್ನೂ ನಿಷೇಧ ಬಂದಿರಲಿಲ್ಲ. ಸುಗ್ಗಿ ಮುಗಿದ ಮೇಲೆ ಭಾನುವಾರ ಬೆಳಗ್ಗೆ ಅಜ್ಜ, ಕಾಕಾ, ನಾನು ಗೌಜಲಹಕ್ಕಿ ಹುಡುಕಿಕೊಂಡು ಜೋಳದ ಕೂಳೆಗಳ ನಡುವೆ ನಡೆಯುತ್ತಿದ್ದೆವು. ಅಜ್ಜನಿಗೆ ಹಕ್ಕಿಗಿಂತ ಬಂದೂಕು ಹಿಡಿಯುವ ರೀತಿಯೇ ಮುಖ್ಯ. ನಳಿಗೆ ಮನುಷ್ಯರ ಕಡೆ ತಿರುಗಬಾರದು. ಬೇಲಿ, ಬದು, ಹಳ್ಳ ಏನೇ ಬರಲಿ, ದಾಟುವ ಮೊದಲು ಬಂದೂಕು ‘ಮುರಿಯ’ಬೇಕು. ಅಂದರೆ ನಡುವಿನ ಕೀಲು ಬಿಚ್ಚಿ, ನಳಿಗೆಗಳನ್ನು ಕೆಳಗೆ ಬಾಗಿಸಿ, ಎರಡೂ ತೋಟಾ ತೆಗೆದು ಜೇಬಿಗಿಡಬೇಕು. ಕಾಕಾನ ಹೊಸ ಹೆಂಡತಿ ಗಾಬರಿಯಿಂದ, “ಅಷ್ಟ ತುಟ್ಟಿ ಬಂದೂಕ, ಯಾಕ ಮುರೀತಾರವಾ?” ಎಂದು ನನ್ನನ್ನು ಕೇಳಿದ್ದಳು. ಒಮ್ಮೆ ಮರೆತವರು ಮತ್ತೆಂದೂ ಬಂದೂಕು ಹಿಡಿದು ಬೇಟೆಗೆ ಬರುವಂತಿಲ್ಲ, ಇದು ಅಜ್ಜನ ಕಾಯಿದೆ. ಹಿಂದಿನ ವರ್ಷ ಕಾಕಾ ಮರೆತಿದ್ದ. ಅಂದಿನಿಂದ ರೊಟ್ಟಿ ಬುತ್ತಿಯ ಗಂಟು ಅವನ ಹೆಗಲಿಗೆ ಬಿದ್ದಿತ್ತು.

ಒಂದು ಭಾನುವಾರ ಕಾಕಾ ಮುಂದೆ ಹೋಗಿದ್ದ. ಹಿಂದೆ ಅಜ್ಜ ಬದು ಹತ್ತಿ ಇಳಿದ. ಬಂದೂಕು ಮುಚ್ಚಿಯೇ ಇತ್ತು, ಒಳಗೆ ಎರಡೂ ತೋಟಾ. ಏನೂ ಅನಾಹುತವಾಗಲಿಲ್ಲ. ನೋಡಿದವಳು ನಾನೊಬ್ಬಳೇ. ಹೇಳಿದರೆ ಅಜ್ಜನ ಬೇಟೆ ಅಲ್ಲಿಗೇ ಮುಗಿಯಿತು, ಅವನಿಗೆ ಈ ಭಾನುವಾರಗಳಿಗಿಂತ ದೊಡ್ಡ ಸುಖ ಇಲ್ಲವೆಂದೂ ನನಗೆ ಗೊತ್ತಿತ್ತು. ಆದರೂ ಬಾಯಿ ಸುಮ್ಮನಿರಲಿಲ್ಲ.

“ಅಜ್ಜಾ, ನೀ ಬಂದೂಕ ಮುರೀಲೇ ಇಲ್ಲಲ್ಲ!”

ಅಜ್ಜ ಕೈಯಲ್ಲಿದ್ದುದನ್ನು ನೋಡಿದ, ನನ್ನನ್ನು ನೋಡಿದ. ತೋಟಾ ತೆಗೆದು ಜೇಬಿಗೆ ಹಾಕಿ, ಮುರಿದ ಬಂದೂಕನ್ನು ನನ್ನ ಮೊಣಕೈಗೆ ತೂಗುಹಾಕಿದ.

“ಖರೇ ಐತಿ ನೋಡವ್ವಾ. ಇನ್ನ ಮನ್ಯಾಗ ಇದನ್ನ ಹಿಡಿಯಾಕ ನೀ ಒಬ್ಬಾಕಿನ ಉಳದಿ,” ಎಂದವನೇ ಕಾಕಾನನ್ನು ಕೂಗಿದ: “ಏ ಮಗನ, ಬುತ್ತಿ ತಾರಲೇ ಇಲ್ಲೆ! ಇವತ್ತಿಂದ ಅದು ನಂದು.”

ಕಾಕಾ ನಕ್ಕು ನಕ್ಕು ಬದುವಿನ ಮೇಲೆ ಕುಳಿತುಬಿಟ್ಟ. ಅಜ್ಜನೂ ನಕ್ಕ.

ಆಮೇಲೂ ಅಜ್ಜ ಇರುವತನಕ ಭಾನುವಾರ ಮೂವರೂ ಹೋಗುತ್ತಿದ್ದೆವು, ಬಂದೂಕಿಲ್ಲದೆ. ಗೌಜಲಹಕ್ಕಿಗಳು ಕಾಲ ಬುಡದಿಂದಲೇ ಪುರ್ರೆಂದು ಏಳುತ್ತಿದ್ದವು. ಅಜ್ಜನ ಬಲಗೈ ತಾನಾಗಿಯೇ ಹೆಗಲವರೆಗೆ ಏರಿ, ಬುತ್ತಿಯ ಗಂಟಿಗೆ ತಾಗಿ, ಮೆಲ್ಲಗೆ ಕೆಳಗಿಳಿಯುತ್ತಿತ್ತು. ಅದೊಂದನ್ನು ಮಾತ್ರ ನಾನು ಯಾರಿಗೂ ಹೇಳಲಿಲ್ಲ.