ಸಮುದ್ರದ ಮೇಲೆ ಮಾವನ ತಕರಾರು

ತಿಳವಳ್ಳಿಯ ಭತ್ತದ ಗದ್ದೆಗಳ ನಡುವೆ ಬೆಳೆದ ನನಗೆ ಕೆಲಸ ಸಿಕ್ಕಿದ್ದು ಕರಾವಳಿಯ ಸಣ್ಣ ಬಂದರೊಂದರಲ್ಲಿ, ಕಿರಿಯ ಎಂಜಿನಿಯರ್ ಆಗಿ. ಅದು ಯಾರೂ ಕಟ್ಟಿದ ಬಂದರಲ್ಲ. ನದಿ ಸಮುದ್ರ ಸೇರುವ ಅಳಿವೆಯಲ್ಲಿ ಮರಳಿನ ದಿಬ್ಬವೊಂದು ಅಡ್ಡ ನಿಂತು ದೋಣಿಗಳನ್ನು ಅಲೆಗಳಿಂದ ಕಾಯುತ್ತಿತ್ತು. ಆದರೆ ಆ ದಿಬ್ಬ ನಿಂತಲ್ಲಿ ನಿಲ್ಲುತ್ತಿರಲಿಲ್ಲ. ತಿಂಗಳಿಗೊಮ್ಮೆ ದಡದಂಚಿಗೆ ಗೂಟ ನೆಟ್ಟು, ಅದು ಎಷ್ಟು ಸರಿಯಿತೆಂದು ಅಳೆಯುವುದೇ ನನ್ನ ಕೆಲಸ.

ಒಂದು ವರ್ಷ ಬಿತ್ತನೆ ಮುಗಿಸಿ ಸೋದರಮಾವ ನನ್ನನ್ನು ನೋಡಲು ಬಂದರು. ಪಕ್ಕದ ಹೊಲದವರು ಬದು ಒತ್ತಿದರೆಂದು ಅರ್ಧ ಆಯುಷ್ಯವನ್ನು ಹಾನಗಲ್ಲಿನ ತಾಲ್ಲೂಕು ಕಚೇರಿಯಲ್ಲಿ ಕಳೆದವರು. ಹೋದ ತಿಂಗಳ ಗೂಟಗಳು ನೀರಿನೊಳಗಿರುವುದನ್ನು ಕಂಡು ಅವರ ಮೀಸೆ ಕುಣಿಯಿತು.

"ಇದು ಒತ್ತುವರಿ ಐತಿ ಲೇ! ನೀ ನೋಡ್ಕೊಂತ ನಿಂತೀಯಲ್ಲ?"

"ಮಾವ, ಇದು ಸಮುದ್ರ ಐತ್ರಿ. ಯಾರ ಮ್ಯಾಲೆ ಅರ್ಜಿ ಕೊಡ್ಲಿ?"

"ನಿನ್ನ ಕಡಿಂದ ಆಗಂಗಿಲ್ಲ ಬಿಡು. ನಾ ನೋಡ್ಕೋತೇನಿ."

ಮರುದಿನ ಬೆಳಿಗ್ಗೆ ಸುಣ್ಣ ಬಳಿದ ಕಲ್ಲೊಂದನ್ನು ನೀರಿನಂಚಿಗೆ ಹೂಳಿ, ಪ್ಲಾಸ್ಟಿಕ್ ಕುರ್ಚಿ ಹಾಕಿ, ಕೊಡೆ ಬಿಚ್ಚಿ ಕಾವಲು ಕುಳಿತರು. ಉಬ್ಬರ ಏರಿತು. ಮೊದಲು ಕಲ್ಲು ಮುಳುಗಿತು, ಆಮೇಲೆ ಚಪ್ಪಲಿ ತೇಲಿಹೋದವು. ಮಾವ ಕಾಲು ಮಡಚಿ ಕುಳಿತರೇ ಹೊರತು ಏಳಲಿಲ್ಲ. ಎದ್ದರೆ ಹಕ್ಕು ಬಿಟ್ಟುಕೊಟ್ಟಂತಲ್ಲವೆ! ಕೊನೆಗೆ ದೊಡ್ಡ ಅಲೆಯೊಂದು ಅವರನ್ನು ಕುರ್ಚಿಸಮೇತ ಮಗುಚಿತು. ಓಡಿಹೋಗಿ ಎಬ್ಬಿಸಿದೆ. ಉಪ್ಪುನೀರು ಉಗುಳಿ ಕೇಳಿದರು: "ಸಾಕ್ಷಿ ಯಾರ್ಯಾರು ಅದಾರ?"

ಸಂಜೆ, ನದಿ ದಾಟಿಸುವ ಅಂಬಿಗ ಚಪ್ಪಲಿ ಹಿಡಿದುಕೊಂಡು ಬಂದ. "ನಿಮ್ದೇ ಅಲ್ವ ಮಾರಾಯ್ರೆ? ಉತ್ತರದ ದಡದಲ್ಲಿ ಬಿದ್ದಿತ್ತು. ಇಲ್ಲಿಂದ ಹೋದ ಮರಳೂ ಅಲ್ಲಿಗೇ ಹೋಗ್ತದೆ. ಮಳೆಗಾಲ ಕಳೆದ್ಮೇಲೆ ವಾಪಸ್ ಬರ್ತದೆ."

ಮಾವನ ಮುಖ ಅರಳಿತು. "ಹಂಗಾರ ಇದು ಒತ್ತುವರಿ ಅಲ್ಲ ತಗೋ. ಹೊಲ ಲಾವಣಿಗೆ ಕೊಟ್ಟಂಗ, ಸುಗ್ಗಿ ಮುಗದ ಮ್ಯಾಲೆ ವಾಪಸ್ ನಮ್ಮ ಕೈಗೆ!" ಎಂದು ಸಮಾಧಾನದಿಂದ ಊರಿಗೆ ಹೋದರು.

ಆಗ ಕಚೇರಿಯಲ್ಲಿ ಆ ದಡಕ್ಕೆ ಕಲ್ಲಿನ ಗೋಡೆ ಕಟ್ಟುವ ಮಾತು ನಡೆದಿತ್ತು. ಮಾವನ ಚಪ್ಪಲಿ ತೇಲಿದ ದಾರಿಯನ್ನೇ ಸಾಕ್ಷಿಯಾಗಿಟ್ಟು, ಒಂದು ಮಳೆಗಾಲ ಕಾದು ನೋಡೋಣವೆಂದು ನಾನು ವರದಿ ಬರೆದೆ. ಸಾಹೇಬರು ಅದನ್ನು ಒಪ್ಪಿ, 'ಚಪ್ಪಲಿ' ಎಂದಿದ್ದನ್ನು ಮಾತ್ರ ಹೊಡೆದುಹಾಕಿ 'ತೇಲುವ ವಸ್ತು' ಎಂದು ತಿದ್ದಿದರು.

ಮಳೆ ನಿಂತ ಮೇಲೆ ಮರಳು ನಿಜವಾಗಿಯೂ ಮರಳಿತು. ಸಂತೋಷದಿಂದ ಮಾವನಿಗೆ ಫೋನ್ ಮಾಡಿದೆ. "ಮುಕ್ಕಾಲು ಪಾಲು ವಾಪಸ್ ಬಂದೈತ್ರಿ!"



"ಉಳಿದ ಕಾಲು ಎಲ್ಲೈತಿ?" ಎಂದರು ಮಾವ. "ತಡಿ, ನಾಳೆ ಮುಂಜಾನಿ ಬಸ್ಸಿಗೆ ಬರ್ತೇನಿ."